ಹಲ್ಲಿಲ್ಲದ ಅಜ್ಜಿಗೆ ಮೆತ್ತನೆ ಹಲ್ವ

ನಮ್ಮ ಬಾಪ ಕಾಯಿಸಿದ ಹಲ್ವ ಲಂಡನ್ನಿಗೆ ಹೋಗುತ್ತಿತ್ತು. ನಾವು ಬಹರೈನಿನ ಹೂರಾ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಕೆಳಗೆ ಮಲಯಾಳಿ ಕೋಯಾಕ್ಕನ (ಅವರ ಮಾತಲ್ಲಿ 'ಇಕ್ಕ' ಎಂದರೆ ಅಣ್ಣ) ಕೋಲ್ಡ್ ಸ್ಟೋರು ಎಂಬ ದಿನಸಿ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಒಂದು ಕೋಣೆ ನಮ್ಮದು, ಇನ್ನೊಂದು ಶಾರದಕ್ಕನದು. ಅಡುಗೆಮನೆ ಇಬ್ಬರಿಗೂ ಸೇರಿದ್ದು. ಶಾರದಕ್ಕ ಉಡುಪಿ ಕಡೆಯ ತುಳುವರು, ಗಂಡ ಟುಬ್ಲಿಯ ಗ್ಯಾರೇಜೊಂದರಲ್ಲಿ ಕಾರುಗಳ ನೆಗ್ಗು ತೆಗೆಯುತ್ತಿದ್ದರು, ಮಕ್ಕಳಿರಲಿಲ್ಲ. ಒಲೆಯ ಎಡಗಡೆಯ ಉರಿ ನಮ್ಮದು, ಬಲಗಡೆಯದು ಅವರದು. ಶಾರದಕ್ಕ ಶನಿವಾರ ಮೀನು ಮುಟ್ಟುತ್ತಿರಲಿಲ್ಲ. ಆ ದಿನ ಉಮ್ಮ ಮೀನು ತರಿಸುತ್ತಲೂ ಇರಲಿಲ್ಲ. ಈ ಬಗ್ಗೆ ಇಬ್ಬರೂ ಕೂತು ಮಾತಾಡಿಕೊಂಡದ್ದನ್ನು ನಾನು ಕಾಣೆ, ಅದು ಹಾಗೇ ನಡೆದುಕೊಂಡು ಬಂದಿತ್ತು. ನಮ್ಮ ಮನೆಮಾತು ಬ್ಯಾರಿ. ಶಾರದಕ್ಕನ ಜೊತೆ ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಕಥೆ ಬರೆಯಲು ಬರುವ ಮಾತು ಅದೊಂದೇ.

ಬಾಪನ ಕೆಲಸ ಮುಹರ್ರಕ್‌ನ ಹಲ್ವ ಕಾರ್ಖಾನೆಯಲ್ಲಿ. ನಮ್ಮೂರ ಬೇಕರಿಯ ಗೋಧಿ ಹಲ್ವ ಅಲ್ಲ ಅದು. ಮೆಕ್ಕೆಜೋಳದ ನಯ ಹಿಟ್ಟು, ಸಕ್ಕರೆ, ತುಪ್ಪ, ಕೇಸರಿ, ಏಲಕ್ಕಿ, ಪನ್ನೀರು. ಇವನ್ನು ಜೋರು ಉರಿಯ ಮೇಲೆ ತಾಮ್ರದ ಕೊಪ್ಪರಿಗೆಯಲ್ಲಿ ಹಾಕಿ, ದೋಣಿಯ ಹುಟ್ಟಿನಂಥ ಮರದ ಹುಟ್ಟಿನಿಂದ ತಿರುವುತ್ತಲೇ ಇರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಇಡೀ ಕೊಪ್ಪರಿಗೆ ಹಾಳು. ಹುಟ್ಟು ಹಿಡಿದವನ ಮೂಗಿನ ಮೇಲೆ ನೊಣ ಕೂತರೂ ಬೇರೆಯವನೇ ಬಂದು ಓಡಿಸಬೇಕು ಎಂದು ಬಾಪ ನಗುತ್ತಿದ್ದರು. ಪಾಕದಲ್ಲಿ ಎರಡು ಬಗೆ. ಇಲ್ಲಿಯ ಅಂಗಡಿಗಳಿಗೆ ಹೋಗುವುದು ಮೆತ್ತಗೆ, ಬಾಯಲ್ಲಿಟ್ಟರೆ ಇಳಿದುಹೋಗುವಂಥದ್ದು. ಅದನ್ನು ಬೇಗ ತಿಂದು ಮುಗಿಸಬೇಕು. ದೂರ ಹೋಗುವುದನ್ನು ಇನ್ನಷ್ಟು ಹೊತ್ತು ಕಾಯಿಸಿ ಗಟ್ಟಿ ಮಾಡುತ್ತಿದ್ದರು, ಲಾರಿಯ ಬಿಸಿಗೆ ತುಪ್ಪ ಬಿಡದ ಹಾಗೆ. ಅದಕ್ಕೆ ಕಾರ್ಖಾನೆಯಲ್ಲಿ 'ಸಫರ್ ಹಲ್ವ' ಎಂದೇ ಹೆಸರು, ಪ್ರಯಾಣದ ಹಲ್ವ. ಡಬ್ಬಗಳಲ್ಲಿ ತುಂಬಿ, ಸೇತುವೆ ದಾಟಿಸಿ ಸೌದಿಗೆ, ಅಲ್ಲಿಂದ ಕುವೈತಿಗೆ, ವಿಮಾನದಲ್ಲಿ ಲಂಡನ್ನಿಗೆ. ಸಂಜೆ ಊಟಕ್ಕೆ ಕೂತಾಗ ನನ್ನದು ಒಂದೇ ಪ್ರಶ್ನೆ.

"ಇವತ್ತು ಎಲ್ಲಿಗೆ ಬಾಪ?"

"ಇವತ್ತು ಜೋರ್ಡಾನಿಗೆ. ಹುಡುಕು ನೋಡುವ."

ನಾನು ಪತ್ತಿರ್ ಅರ್ಧಕ್ಕೆ ಬಿಟ್ಟು ಶಾಲೆಯ ಅಟ್ಲಾಸ್ ತೆರೆಯುತ್ತಿದ್ದೆ. ಅಕ್ಕಿರೊಟ್ಟಿಯ ಹಿಟ್ಟು ಮೆತ್ತಿದ ಬೆರಳಿನ ಗುರುತು ಆ ಪುಸ್ತಕದ ಅರ್ಧ ಪ್ರಪಂಚದ ಮೇಲಿತ್ತು. ಭೂಗೋಳದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ. ಮುಂದೆ ಬಿ.ಕಾಂ. ಮಾಡಿದೆ. ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಹಿಡಿದವಳು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ ಅದು. ಈಗ ಹಿದ್ ಬಂದರಿನ ಹತ್ತಿರದ ಆಫೀಸಿನಲ್ಲಿ ಕೂತು, ಈ ಪುಟ್ಟ ದ್ವೀಪದಿಂದ ಹೊರಹೋಗುವ ಅಲ್ಯೂಮಿನಿಯಂ ಸುರುಳಿಯಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲದಕ್ಕೂ ಕಾಗದ ಪತ್ರ ಮಾಡಿಕೊಡುತ್ತೇನೆ. ಯಾವ ಸರಕು ಎಂದು ತಲುಪುತ್ತದೆ ಎಂದು ಹೇಳುವುದೇ ನನ್ನ ಕೆಲಸ. ತಲುಪುವಷ್ಟರಲ್ಲಿ ಅಲ್ಲಿ ತೆಗೆದುಕೊಳ್ಳುವವರು ಇರುತ್ತಾರೋ ಇಲ್ಲವೋ, ಅದನ್ನು ಹೇಳುವ ಕಾಗದ ಯಾವ ಆಫೀಸಿನಲ್ಲೂ ಇಲ್ಲ.

ಅಜ್ಜಿ ಎಂದರೆ ಉಮ್ಮನ ಉಮ್ಮ. ಕಾಪುವಿನ ಆಚೆ ಕಡಲ ಬದಿಯ ಊರಲ್ಲಿ ಮಗ ಹಂಝನ ಜೊತೆ ಇದ್ದಳು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಅಳಿಯನ ಎದುರಿಗೆ ಅತ್ತೆ ಬರಬಾರದು, ಬಾಗಿಲ ಮರೆಯಿಂದಲೇ ಮಾತಾಡಬೇಕು ಎಂಬುದು ನಮ್ಮ ಕಡೆಯ ಮರ್ಯಾದೆ. ಅಜ್ಜಿ ಮರ್ಯಾದೆಯಾಗಿ ಬಾಗಿಲ ಮರೆಯಲ್ಲೇ ನಿಂತು, ಕೇರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದಳು. ಮದುವೆಯ ಹೊತ್ತಿಗೆ ಬಾಪನ ಕಡೆಯವರು ಹುಡುಗ ಎಕ್ಸ್‌ಪೋರ್ಟ್ ಕಂಪೆನಿಯಲ್ಲಿದ್ದಾನೆ ಎಂದಿದ್ದರಂತೆ. ಸುಳ್ಳೇನೂ ಅಲ್ಲ. ಆದರೆ ಮೊದಲ ರಜೆಯಲ್ಲಿ ಬಾಪ ತೋಳು ಮಡಚಿ ಕೈ ತೊಳೆಯುವಾಗ, ಕುದಿಯುವ ಪಾಕ ಸಿಡಿದು ಆದ ಕಲೆಗಳನ್ನು ಅಜ್ಜಿ ಬಾಗಿಲ ಸಂದಿಯಿಂದ ನೋಡಿಬಿಟ್ಟಳು.

"ಇದೆಂತ ಎಕ್ಸ್‌ಪೋರ್ಟು ಅಳಿಯಂದ್ರೇ? ಅಲ್ಲಿ ಕಾಗದ ಹಾಗೆ ಸಿಡಿಯುತ್ತದಾ?"

ಬಾಪ ನಕ್ಕು ತೋಳು ಇಳಿಸಿಕೊಂಡರಂತೆ. ನನಗೆ ಬುದ್ಧಿ ಬಂದ ಮೇಲಿನ ಒಂದು ರಜೆ ನನಗೇ ನೆನಪಿದೆ. ಬಾಪ ಕಾರ್ಖಾನೆಯ ಹಲ್ವದ ಡಬ್ಬ ತಂದಿದ್ದರು. ಅಜ್ಜಿ ಬಾಗಿಲ ಮರೆಯಲ್ಲೇ ಮುಚ್ಚಳ ತೆಗೆದು, ಕೆಂಪಗೆ ಹೊಳೆಯುವ ಹಲ್ವದ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು.

"ಇದು ನೀವು ಮಾಡಿದ್ದಾ?"

"ಅಲ್ಲ. ನಾನು ಈಗ ಹಿಟ್ಟು ನೆನೆಸುವುದು, ಡಬ್ಬ ತುಂಬುವುದು. ಕೊಪ್ಪರಿಗೆಗೆ ಬೇರೆ ಉಸ್ತಾದ್ ಇದ್ದಾರೆ."

"ಹಾಗಾದರೆ ಕೊಪ್ಪರಿಗೆ ನಿಮ್ಮ ಕೈಗೆ ಬಂದ ದಿನ ತಿನ್ನುತ್ತೇನೆ. ಯಾರೋ ಅರಬಿ ಮಾಡಿದ್ದನ್ನು ತಿನ್ನಲಿಕ್ಕೆ ನನಗೇನು ಬರಗಾಲವಾ?"

ಮುಚ್ಚಳ ಹಾಕಿ ಡಬ್ಬವನ್ನು ಹಂಝ ಮಾಮನ ಮಕ್ಕಳ ಕಡೆಗೆ ತಳ್ಳಿದಳು. ತಮಾಷೆಯಾಗಿಯೇ ಹೇಳಿದ್ದು, ಒಳಗೆ ಕೂತ ಹೆಂಗಸರೆಲ್ಲ ನಕ್ಕರು. ಬಾಪ ಮಾತ್ರ ಆ ಮಾತನ್ನು ಗಂಟು ಹಾಕಿಕೊಂಡು ಬಹರೈನಿಗೆ ವಾಪಸು ತಂದರು.

ಹಳೆಯ ಉಸ್ತಾದ್ ಕೆಲಸ ಬಿಟ್ಟು ತಮ್ಮ ಊರಿಗೆ ಹೋಗಿ, ಕೊಪ್ಪರಿಗೆ ಬಾಪನ ಕೈಗೆ ಬಂದ ವರ್ಷ ಉಮ್ಮ ಮನೆಯಲ್ಲಿ ಬಿರಿಯಾನಿ ಮಾಡಿದಳು. ಶಾರದಕ್ಕ ಪಾಯಸ ಮಾಡಿದರು. ಮುಂದಿನ ರಜೆಗೆ ಹೋಗುವಾಗ ತಮ್ಮ ಕೈಯ ಹಲ್ವ ಒಯ್ಯುವುದೆಂದು ಬಾಪ ಆಗಲೇ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ರಂಜಾನ್ ಬಂತು, ಒಂದು ಸೋಮವಾರ ಕೋಯಾಕ್ಕನ ಅಂಗಡಿಗೆ ಹಂಝ ಮಾಮನ ಫೋನೂ ಬಂತು. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಬಂದು ನೋಡಿಹೋಗು ಎಂದು. ನನ್ನ ವಾರ್ಷಿಕ ಪರೀಕ್ಷೆ ಹತ್ತಿರವಿತ್ತು, ಬಾಪನಿಗೆ ಈದ್‌ಗೆ ಮುಂಚಿನ ಗಿರಾಕಿಗಳ ಹೊತ್ತು, ಕಾರ್ಖಾನೆಯ ಒಲೆ ಹಗಲಿಡೀ ಉರಿಯುತ್ತಿತ್ತು. ಉಮ್ಮ ಒಬ್ಬಳೇ ಹೋಗುವುದು ಎಂದಾಯಿತು. ಬುಧವಾರದ ಬೊಂಬಾಯಿ ವಿಮಾನದಲ್ಲಿ ಜಾಗವಿತ್ತು.

ಆ ಸಂಜೆ ಉಪವಾಸ ಬಿಟ್ಟು, ಗಂಜಿ ಕುಡಿದು ಮುಗಿಸುವ ಮೊದಲೇ ಜಗಳ ಶುರುವಾಯಿತು. ಜಗಳ ಎಂದರೆ ನಮ್ಮ ಮನೆಯ ಜಗಳ. ಪಕ್ಕದ ಕೋಣೆಗೆ ಕೇಳಬಾರದೆಂದು ಇಬ್ಬರೂ ಮೆಲ್ಲಗೇ ಮಾತಾಡುವುದು.

"ಬುಧವಾರ ಬೇಡ. ಶುಕ್ರವಾರ ನನಗೆ ರಜೆ. ಬೆಳಿಗ್ಗೆ ಮನೆಯಲ್ಲೇ ಮಾಡಿ ಕೊಡುತ್ತೇನೆ, ಸಂಜೆಯ ವಿಮಾನಕ್ಕೆ ಹೋಗು."

"ಉಮ್ಮ ಹಾಸಿಗೆಯಲ್ಲಿದ್ದಾಳೆ. ನಿಮಗೆ ಹಲ್ವದ್ದು. ಕಾರ್ಖಾನೆಯಿಂದ ಒಂದು ಡಬ್ಬ ತಂದು ಕೊಡಿ, ಅದೂ ನೀವು ತಿರುವಿದ್ದೇ ಅಲ್ಲವಾ?"

"ಅದು ಸಫರಿನದ್ದು, ಕಲ್ಲಿನ ಹಾಗಿರುತ್ತದೆ. ಹಲ್ಲಿಲ್ಲದವರು ಹೇಗೆ ತಿನ್ನುವುದು? ಮತ್ತೆ ಎಲ್ಲರ ಕೊಪ್ಪರಿಗೆಯದ್ದೂ ಒಂದೇ ತಟ್ಟೆಗೆ ಸುರಿಯುತ್ತಾರೆ. ಯಾವ ಡಬ್ಬದಲ್ಲಿ ಯಾರ ಕೈಯದ್ದು ಅಂತ ಅಲ್ಲಾಹನೇ ಬಲ್ಲ."

"ಅಳಿಯ ಮಾಡಿದ್ದು ಅಂತ ನಾನು ಹೇಳುತ್ತೇನೆ. ಉಮ್ಮನಿಗೆ ಎಂತ ಗೊತ್ತಾಗುತ್ತದೆ?"

"ರಂಜಾನಿನಲ್ಲಿ, ಹಾಸಿಗೆ ಹಿಡಿದವರ ಬಾಯಿಗೆ ಸುಳ್ಳು ಹಾಕುವುದಾ ನಫೀಸಾ?"

ಉಮ್ಮ ಗಂಜಿಯ ಬಟ್ಟಲುಗಳನ್ನು ಎತ್ತತೊಡಗಿದಳು. ಶುಕ್ರವಾರಕ್ಕೆ ಒಪ್ಪಿಕೊಂಡದ್ದು ಅವಳೂ ಹೌದು. ಬಾಪ ಅವಳನ್ನು ಕಟ್ಟಿ ಹಾಕಲಿಲ್ಲ. ಮದುವೆಯಾದಂದಿನಿಂದ ತಾಯಿಯ ಚುಚ್ಚುಮಾತು ಮತ್ತು ಗಂಡನ ಮೌನದ ನಡುವೆ ಓಡಾಡಿದವಳು ಅವಳು. ಒಂದು ಸಲ ತಾಯಿ ಇವರ ಕೈಯದ್ದನ್ನು ತಿಂದು 'ಚೆನ್ನಾಗಿದೆ' ಎಂದುಬಿಟ್ಟರೆ ಸಾಕೆಂಬ ಆಸೆ ಅವಳಿಗೂ ಇದ್ದಿರಬೇಕು. ಬರಿಗೈಯಲ್ಲಿ ಹೋಗುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆ ಬೇರೆ. ಕೊಲ್ಲಿಯಿಂದ ಊರಿಗೆ ಹೊರಟವರು ಸಾವಿನ ಮನೆಗೆ ಹೋಗುವುದಾದರೂ ಕೈಯಲ್ಲಿ ಏನಾದರೂ ಇರಬೇಕು. ಮರುದಿನ ಉಮ್ಮ ಕೆಳಗಿಳಿದು ಹಂಝ ಮಾಮನಿಗೆ ಫೋನು ಮಾಡಿಸಿ, ಶುಕ್ರವಾರ ಹೊರಡುತ್ತೇನೆ, ಅಳಿಯ ಕೈಯಾರೆ ಹಲ್ವ ಮಾಡಿ ಕಳಿಸುತ್ತಿದ್ದಾರೆ ಎಂದು ಉಮ್ಮನಿಗೆ ಹೇಳು ಎಂದಳು.

ಶುಕ್ರವಾರ ಬೆಳಿಗ್ಗೆ ನಮಾಜು ಮುಗಿಸಿ ಬಾಪ ಬಂದಾಗ ಅಡುಗೆಮನೆಯನ್ನು ಉಮ್ಮ ಗುಡಿಸಿ ಒರೆಸಿ ಇಟ್ಟಿದ್ದಳು. ಶಾರದಕ್ಕ ತಮ್ಮ ಕಡೆಯ ಒಲೆಯನ್ನೂ ಬಿಟ್ಟುಕೊಟ್ಟು, ಬಾಗಿಲಲ್ಲಿ ಮಣೆ ಹಾಕಿ ಕೂತರು. ಅವರಿಗೆ ಆ ದಿನ ದೊಡ್ಡ ಕೆಲಸವೊಂದಿತ್ತು. ನಾವು ಮೂವರೂ ಉಪವಾಸ. ಬಾಪ ಕಾರ್ಖಾನೆಯಲ್ಲೂ ರಂಜಾನಿನ ತಿಂಗಳು ರುಚಿ ನೋಡದೆಯೇ, ಹುಟ್ಟಿನಿಂದ ಇಳಿಯುವ ಎಳೆ ನೋಡಿ ಪಾಕ ಹೇಳುತ್ತಿದ್ದರು. ಆದರೆ ಅಜ್ಜಿಯ ಹಲ್ವಕ್ಕೆ ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಸಾಲಲಿಲ್ಲ. ಮನೆಯಲ್ಲಿ ಹಗಲು ತಿನ್ನಬಹುದಾದ ನಾಲಗೆ ಶಾರದಕ್ಕನದು ಒಂದೇ.

"ಶಾರದಕ್ಕ, ಸ್ವಲ್ಪ ನೋಡಿ."

ಅವರು ಅಂಗೈ ಮೇಲೆ ಹಾಕಿಸಿಕೊಂಡು ಊದಿ ಊದಿ ನೆಕ್ಕಿದರು.

"ಏಲಕ್ಕಿ ಸಾಲುವುದಿಲ್ಲ ಹಸನಣ್ಣ."

"ಸಕ್ಕರೆ?"

"ಸಕ್ಕರೆ ಇನ್ನೊಂದು ಸಲ ನೋಡಿದರೆ ಗೊತ್ತಾದೀತು. ಇನ್ನೂ ನಾಲ್ಕು ಸಲ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾದೀತು."

ಉಮ್ಮ ಆ ವಾರದಲ್ಲಿ ಮೊದಲ ಬಾರಿ ನಕ್ಕಳು. ನಾನೂ ಹುಟ್ಟು ಹಿಡಿದೆ. ನಮ್ಮ ಮನೆಯ ಹುಟ್ಟು ಎಂದರೆ ಉದ್ದ ಹಿಡಿಯ ಮರದ ಸೌಟು. ತಿರುವುತ್ತಾ ಹೋದಂತೆ ಹಿಟ್ಟು ನೀರಿನಿಂದ ಅಂಟಾಗಿ, ಅಂಟಿನಿಂದ ಗಾಜಾಗಿ ಬದಲಾಗುವುದನ್ನು ಅಷ್ಟು ಹತ್ತಿರದಿಂದ ನಾನು ಅವತ್ತೇ ನೋಡಿದ್ದು. ನನ್ನ ರಟ್ಟೆ ಸೋತಾಗ ಉಮ್ಮ, ಉಮ್ಮ ಸೋತಾಗ ಬಾಪ. ಸೂಟ್‌ಕೇಸ್ ಕಟ್ಟಿ ಬಾಗಿಲ ಬದಿಯಲ್ಲಿಟ್ಟಿತ್ತು. ಕೇಸರಿಯ ಬಣ್ಣ ಹಿಡಿದು, ತುಪ್ಪ ಅಂಚಿನಲ್ಲಿ ಇಣುಕತೊಡಗಿದಾಗ ಬಾಪ ಸೌಟು ತಮ್ಮ ಕೈಗೆ ತೆಗೆದುಕೊಂಡು, "ಇನ್ನು ಯಾರೂ ಮುಟ್ಟಬೇಡಿ, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ" ಎಂದರು.

ಆಗ ಕೋಯಾಕ್ಕ ಮೆಟ್ಟಿಲು ಹತ್ತಿ ಬಂದರು. ಫೋನು ಬಂದರೆ ಅವರು ಕೆಳಗಿನಿಂದ ಕೂಗುವವರೇ ಹೊರತು, ಮಂಡಿನೋವಿನ ಮನುಷ್ಯ, ಒಂದು ದಿನವೂ ಹತ್ತಿದವರಲ್ಲ. ಬಾಗಿಲಲ್ಲಿ ನಿಂತು, ಊರಿನಿಂದ ಫೋನು, ಒಮ್ಮೆ ಬನ್ನಿ ಎಂದು ಉಮ್ಮನಿಗೆ ಹೇಳಿ, ಬಾಪನ ಮುಖ ನೋಡದೆ ತಿರುಗಿದರು. ಉಮ್ಮ ಅವರ ಹಿಂದೆಯೇ ಇಳಿದಳು. ವಾಪಸು ಬಂದು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಾಪ ಸಾವಿನ ಸುದ್ದಿಗೆ ಹೇಳುವ "ಇನ್ನಾ ಲಿಲ್ಲಾಹಿ" ಹೇಳಿದರು. ಕೈ ತಿರುಗುತ್ತಲೇ ಇತ್ತು.

ಶಾರದಕ್ಕ ಎದ್ದು ಒಲೆ ಆರಿಸಲು ಕೈ ಚಾಚಿದರು. ಉಮ್ಮ ತಡೆದಳು.

"ಆರಿಸಬೇಡಿ ಶಾರದಕ್ಕ. ತಳ ಹಿಡಿಯುತ್ತದೆ."

ಹಾಗೆಂದು ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಅಜ್ಜಿ ನಸುಕಿನ ಸುಬಹ್ ನಮಾಜಿನ ಹೊತ್ತಿಗೇ ಹೋದಳಂತೆ. ಊರಲ್ಲಿ ಆಗಲೇ ಜುಮಾದ ಹೊತ್ತು, ನಮಾಜು ಮುಗಿದ ಕೂಡಲೇ ದಫನ. ಕಾಯುವ ಪದ್ಧತಿ ನಮ್ಮಲ್ಲಿಲ್ಲ. ಉಮ್ಮ ತಲುಪುವಷ್ಟರಲ್ಲಿ ಮಣ್ಣು ಒಣಗಿರುತ್ತದೆ, ಹೆಂಗಸರು ಆ ಮಣ್ಣಿನ ಹತ್ತಿರವೂ ಹೋಗುವಂತಿಲ್ಲ. ಇದೆಲ್ಲವನ್ನೂ ಅವಳು ಬಿಡಿಬಿಡಿಯಾಗಿ, ಯಾರಿಗೆಂದಿಲ್ಲದೆ ಹೇಳಿದಳು. ಶಾರದಕ್ಕ ಅವಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬಾಪ ತಿರುವುತ್ತಿದ್ದರು. ಯಾವಾಗ ಇಳಿಸಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಕಾರ್ಖಾನೆಯಲ್ಲೇ ಇರಲಿಲ್ಲ. ಆದರೂ ಅವರ ಕೈ ನಿಲ್ಲಲಿಲ್ಲ. ಕೊನೆಗೆ ಉರಿ ಆರಿಸಿದ್ದು ನಾನು. ಅಷ್ಟರಲ್ಲಿ ಪಾಕ ಮೀರಿತ್ತು. ಅಜ್ಜಿಗೆಂದು ಮಾಡಿದ್ದು ಹಲ್ಲಿದ್ದವರ ಹಲ್ವವಾಗಿತ್ತು.

ಉಮ್ಮ ಅದನ್ನು ಬಿಟ್ಟು ಹೋಗಲಿಲ್ಲ. ತಾನೇ ಡಬ್ಬಕ್ಕೆ ತುಂಬಿ, ಸೂಟ್‌ಕೇಸಿನಲ್ಲಿಡದೆ ಕೈಚೀಲದಲ್ಲಿಟ್ಟುಕೊಂಡಳು. ಊರಲ್ಲಿ ಸತ್ತವರಿಗಾಗಿ ಕುರ್‌ಆನಿನ ಯಾಸೀನ್ ಓದಲು ಬಂದವರಿಗೆ ಉಪವಾಸ ಬಿಟ್ಟ ಮೇಲೆ ಚೀರಣಿಯಾಗಿ, ಪ್ರಸಾದದ ಹಾಗೆ, ಹಂಚಿದಳಂತೆ. ಪುಣ್ಯದ ತಿಂಗಳಲ್ಲಿ ಹೋದರು, ನಮಗೆಲ್ಲ ಸಿಗುವ ಸಾವಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರಂತೆ. ಕೆಲವರು ಎರಡನೇ ತುಂಡು ಕೇಳಿ ಪಡೆದರಂತೆ.

ಅವಳು ಬರುವವರೆಗೆ ಮನೆಯಲ್ಲಿ ಬಾಪ ಮತ್ತು ನಾನು. ಬಾಪ ಬೆಳಿಗ್ಗೆ ಹೋಗಿ ಸೂರ್ಯ ಮುಳುಗುವ ಮಗ್ರಿಬ್ ಹೊತ್ತಿಗೆ ಬರುತ್ತಿದ್ದರು. ಖರ್ಜೂರ, ಶಾರದಕ್ಕ ಮಾಡಿಟ್ಟ ಗಂಜಿ. ಪರೀಕ್ಷೆಗೆ ಓದುತ್ತಿದ್ದೇನೋ ಇಲ್ಲವೋ ಎಂದು ದಿನವೂ ಕೇಳುತ್ತಿದ್ದರು, ನಾನು ಓದುತ್ತಿದ್ದೆ. ಒಂದು ಸಂಜೆ ಏನಾದರೂ ಮಾತು ಬರಲಿ ಎಂದು ಕೇಳಿದೆ.

"ಇವತ್ತು ಎಲ್ಲಿಗೆ ಬಾಪ?"

"ಎಲ್ಲಿಗೋ."

ಮತ್ತೆ ನಾನು ಕೇಳಲಿಲ್ಲ. ಈದ್ ದಿನ ಹೊಸ ಬಟ್ಟೆ ಹಾಕಿಕೊಂಡು ನಾವಿಬ್ಬರೂ ಕಿಟಕಿಯ ಹತ್ತಿರ ಕೂತಿದ್ದೆವು. ಆ ದಿನ ಈ ದ್ವೀಪದ ಯಾವ ಮನೆಗೆ ಹೋದರೂ ಹಲ್ವದ ತಟ್ಟೆ ಮುಂದೆ ಬರುತ್ತದೆ. ಬಾಪ ಯಾರ ಮನೆಗೂ ಹೋಗಲಿಲ್ಲ.

ಉಮ್ಮ ಬಂದ ದಿನ ಬಾಪ ಸ್ವಲ್ಪ ಮೊದಲೇ ಮನೆಗೆ ಬಂದರು. ಅವಳು ಸೊರಗಿದ್ದಳು. ಬಂದವಳೇ ಸೀರೆ ಬದಲಿಸಿ ಅನ್ನಕ್ಕಿಟ್ಟು, ಊರಿನಿಂದ ತಂದ ಒಣಮೀನು ಹುರಿದಳು. ಊರಿನವರ ಕ್ಷೇಮ, ಬೊಂಬಾಯಿಯ ಬಸ್ಸಿನ ಕಥೆ ಎಲ್ಲ ಆಯಿತು. ಬಾಪ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಬಾಯಿಗೆ ಇಡುತ್ತಿರಲಿಲ್ಲ.

"ಕೇಳಿದ್ದರಾ?" ಎಂದರು ಕೊನೆಗೆ.

ಏನನ್ನು ಎಂದು ಉಮ್ಮ ಕೇಳಲಿಲ್ಲ. ಅವರ ತಟ್ಟೆಗೆ ಮೀನು ಹಾಕಿದಳು.

"ಉಮ್ಮ ಕೇಳಿದ್ದಳಂತೆ. ನೀವು ಕೈಯಾರೆ ಮಾಡಿ ಕಳಿಸ್ತೀರಿ ಅಂತ ಹಂಝ ಹೇಳಿದ ಮೇಲೆ ಬಂದವರಿಗೆಲ್ಲ ಅದೇ ಮಾತಂತೆ. ಖುಷಿಯಲ್ಲಿದ್ದಳಂತೆ."

"ಹೌದಾ?"

"ಹೌದು. ತಿನ್ನಿ ನೀವು."

ಬಾಪ ತಿಂದರು. ಆ ತಿಂಗಳಲ್ಲಿ ಮೊದಲ ಸಲ ಇನ್ನೊಂದು ಸೌಟು ಅನ್ನ ಕೇಳಿ ಹಾಕಿಸಿಕೊಂಡರು.

ಅವರು ರಾತ್ರಿಯ ಇಶಾ ನಮಾಜಿಗೆ ಮಸೀದಿಗೆ ಇಳಿದ ಮೇಲೆ ಉಮ್ಮ ಪಾತ್ರೆ ತೊಳೆಯಲು ನಿಂತಳು, ನಾನು ಒರೆಸಲು ನಿಂತೆ. ನಲ್ಲಿ ಜೋರಾಗಿ ಬಿಟ್ಟು, ನನ್ನ ಕಡೆ ನೋಡದೆ ಹೇಳಿದಳು.

"ಹಂಝ ಹೋಗಿ ಹೇಳಿದ್ದೇ ತಡ, ಉಮ್ಮ ಗಂಜಿ ಮುಟ್ಟಲಿಲ್ಲವಂತೆ. ಬಾಯಿ ಕೆಡಿಸಬೇಡಿ, ಅಳಿಯನ ಹಲ್ವ ಬರಲಿ, ಹೊಟ್ಟೆಯಲ್ಲಿ ಜಾಗ ಇರಲಿ ಅಂತ. ಮಾತ್ರೆ ಕೊಟ್ಟರೆ ಕಹಿ ಅಂತ ಉಗಿದಳಂತೆ. ಎಷ್ಟು ಬೇಡಿಕೊಂಡರೂ ಇಲ್ಲ. ಹಾಗೇ ಖಾಲಿ ಹೊಟ್ಟೆಯಲ್ಲಿ ಹೋದಳು."

ನನ್ನ ಕೈಯಲ್ಲಿದ್ದ ತಟ್ಟೆ ಒರೆಸಿ ಒಣಗಿತ್ತು. ನಾನು ಅದನ್ನೇ ಒರೆಸುತ್ತಿದ್ದೆ.

"ಬಾಪನಿಗೆ ಹೇಳಬೇಡ ಮಗಳೇ. ನಾಳೆ ಬೆಳಿಗ್ಗೆ ಅವರು ಮತ್ತೆ ಹುಟ್ಟು ಹಿಡಿಯಬೇಕು."

ಬಾಪ ಆಮೇಲೆಯೂ ಬಹಳ ವರ್ಷ ಹುಟ್ಟು ಹಿಡಿದರು. ನನ್ನ ಕಾಲೇಜು ಮುಗಿದದ್ದು ಆ ತೋಳುಗಳಿಂದ. ಉಮ್ಮ ಆ ಮಾತನ್ನು ಮತ್ತೆ ಎತ್ತಲಿಲ್ಲ, ತೀರಿಕೊಳ್ಳುವವರೆಗೂ ಹಲ್ವ ಬಾಯಿಗಿಡಲಿಲ್ಲ. ಸಕ್ಕರೆ ಕಾಯಿಲೆ ಎಂದು ಬಂದವರಿಗೆ ಹೇಳುತ್ತಿದ್ದಳು, ಅವಳಿಗೆ ಅಂಥ ಕಾಯಿಲೆ ಇರಲಿಲ್ಲ. ಅವಳು ಹೋದ ಮೇಲೆ ಬಾಪ ನನ್ನ ಜೊತೆ ಇದ್ದಾರೆ. ಭುಜ ಎತ್ತಲು ಆಗುವುದಿಲ್ಲ, ಶರ್ಟು ನಾನೇ ತೊಡಿಸಬೇಕು. ಕಿವಿ ಮಾತ್ರ ಚುರುಕು. ಶಾಲೆಯ ಮೆಟ್ಟಿಲು ಹತ್ತದವರು, ಮಗಳು ಪುಸ್ತಕ ಬರೆಯುತ್ತಿದ್ದಾಳೆ ಎಂದು ಮಸೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಬರೆದದ್ದನ್ನು ಸಂಜೆ ಅವರಿಗೆ ಓದಿ ಹೇಳಬೇಕು. ಕೋಯಾಕ್ಕನ ಅಂಗಡಿಯ ಬಾಗಿಲಿನ ಬಣ್ಣ ನೀಲಿಯಲ್ಲ, ಹಸಿರು ಎಂದು ಮೊನ್ನೆ ತಿದ್ದಿಸಿದರು.

ನಾಳೆ ಈ ಅಧ್ಯಾಯದ ಸರದಿ. ಊಟದ ತಟ್ಟೆಯ ಮುಂದೆ ಉಮ್ಮ ಹೇಳಿದ ಮಾತಿನವರೆಗೆ ಓದುತ್ತೇನೆ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡದ್ದನ್ನೂ ಓದುತ್ತೇನೆ. ಆಮೇಲೆ ಕಾಗದ ಮಡಚಿ ಇಡುತ್ತೇನೆ. ಅಷ್ಟೇಯಾ ಎಂದು ಕೇಳುತ್ತಾರೆ. ಅಷ್ಟೇ ಬಾಪ ಎನ್ನುತ್ತೇನೆ.